ಗ್ರಿಡ್‌ಗೆ ಹೆಗಲು ಕೊಡುವ ಇನ್ವರ್ಟರ್

ಕಾಲೇಜು ಹುಡುಗರು, ನಿವೃತ್ತ ಮೇಷ್ಟ್ರುಗಳು, ಒಂದಿಬ್ಬರು ಲೈನ್‌ಮನ್‌ಗಳು, ಮನೆ ಮೇಲೆ ಸೋಲಾರ್ ಹಾಕಿಸಿಕೊಂಡವರು ಸೇರಿದ್ದ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮನೆ ಮೇಲೆ ಸೋಲಾರ್ ಹಾಕಿಸಿದವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಒಂದಿದೆ. "ರಣರಣ ಬಿಸಿಲಿದೆ. ಪ್ಯಾನಲ್ ಇದೆ, ಇನ್ವರ್ಟರ್ ಇದೆ. ಬೀದಿಯಲ್ಲಿ ಕರೆಂಟ್ ಹೋದ ತಕ್ಷಣ ನಮ್ಮನೆಯಲ್ಲೂ ಯಾಕೆ ಹೋಗುತ್ತೆ?" ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದವರಿಗೆ ಇದು ಮೋಸ ಅನ್ನಿಸಿದರೆ ತಪ್ಪಲ್ಲ.

ಕಾರಣ ಎರಡು. ಮೊದಲನೆಯದು ಲೈನ್‌ಮನ್ ಜೀವ. ಲೈನ್ ಆಫ್ ಮಾಡಿಸಿಕೊಂಡು ಅವರು ಕಂಬ ಹತ್ತಿರುತ್ತಾರೆ. ಆಗ ನಿಮ್ಮ ಚಾವಣಿಯಿಂದ ಆ ತಂತಿಗೆ ಕರೆಂಟ್ ಬಂದರೆ ಗತಿ ಏನು? ಹಾಗಾಗಿ ಗ್ರಿಡ್, ಅಂದರೆ ಊರೂರಿಗೆ ಕರೆಂಟ್ ಒಯ್ಯುವ ತಂತಿಗಳ ಜಾಲ, ಸತ್ತ ಕೂಡಲೇ ಇನ್ವರ್ಟರ್ ತಾನೂ ನಿಲ್ಲಬೇಕು ಅಂತ ಕಾನೂನೇ ಇದೆ. ಎರಡನೆಯ ಕಾರಣದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಿಮ್ಮ ಗೋಡೆ ಮೇಲಿನ ಆ ಪೆಟ್ಟಿಗೆಗೆ ಒಂಟಿಯಾಗಿ ನಡೆಯಲು ಬರುವುದೇ ಇಲ್ಲ. ಅದು ಗ್ರಿಡ್‌ನ ಅಲೆಯನ್ನು ನೋಡಿಕೊಂಡು, ಅದಕ್ಕೆ ಹೊಂದಿಕೊಂಡು, ಅದರೊಳಕ್ಕೆ ಕರೆಂಟ್ ತಳ್ಳುತ್ತದೆ. ನೋಡಲು ಅಲೆಯೇ ಇಲ್ಲದಿದ್ದರೆ ಅದರ ಕೆಲಸ ಅಲ್ಲಿಗೆ ಮುಗಿಯಿತು.

ಇಂಥ ಪೆಟ್ಟಿಗೆಗಳು ನಾಲ್ಕಾರು ಇದ್ದಾಗ ತೊಂದರೆ ಇರಲಿಲ್ಲ. ಈಗ ಹಾಗಿಲ್ಲ. 2025ರ ಜನವರಿ ಹೊತ್ತಿಗೆ ದೇಶದ ಸೋಲಾರ್ ಸಾಮರ್ಥ್ಯ 100 ಗಿಗಾವ್ಯಾಟ್ ದಾಟಿತು. ಪಿಎಂ ಸೂರ್ಯಘರ್ ಯೋಜನೆ 1 ಕೋಟಿ ಮನೆಗಳ ಚಾವಣಿಗೆ ಗುರಿ ಇಟ್ಟಿದೆ. ಎಲ್ಲರೂ ಗ್ರಿಡ್‌ನ ಅಲೆಗೆ ಹೊಂದಿಕೊಳ್ಳುವವರೇ ಆದರೆ ಆ ಅಲೆಯನ್ನು ಎಬ್ಬಿಸುವವರು ಯಾರು? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಇಲ್ಲಿಯವರೆಗೆ ಆ ಅಲೆಯನ್ನು ಎಬ್ಬಿಸುತ್ತಾ ಬಂದಿದ್ದು ಕಬ್ಬಿಣ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಹತ್ತಾರು ಟನ್ ತೂಕದ ರೋಟರ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುತ್ತದೆ. ಶರಾವತಿಯ ಯಂತ್ರಗಳು ಅದಕ್ಕಿಂತ ನಿಧಾನ. ಆದರೆ ಎರಡರಿಂದಲೂ ಹೊರಬರುವುದು ಸೆಕೆಂಡಿಗೆ 50 ಅಲೆ, ಅದೂ ಒಂದೇ ತಾಳಕ್ಕೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಜೋಡಿಸಿದ ಮೇಲೆ ದಕ್ಷಿಣ ಭಾರತವೂ ಉಳಿದ ದೇಶದ ಜೊತೆ ಆ ತಾಳಕ್ಕೆ ಸೇರಿಕೊಂಡಿತು. ಇವತ್ತು ಲಿಂಗನಮಕ್ಕಿಯ ನೀರಿನಿಂದ ತಿರುಗುವ ಯಂತ್ರವೂ ಪಂಜಾಬಿಗೆ ಕರೆಂಟ್ ಕೊಡುವ ಭಾಖ್ರಾದ ಯಂತ್ರವೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ.

ಹಳೇ ಹಿಟ್ಟಿನ ಗಿರಣಿ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಆಯಿಲ್ ಎಂಜಿನ್ನಿಗೆ ಆಳೆತ್ತರದ ಚಕ್ರ ಒಂದು ಇರುತ್ತಿತ್ತು. ಒಮ್ಮೆಗೇ ಒಂದು ಪುಟ್ಟಿ ರಾಗಿ ಸುರಿದರೆ ಎಂಜಿನ್ ಸದ್ದು ಸ್ವಲ್ಪ ಇಳಿಯುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಚಕ್ರದಲ್ಲಿ ತುಂಬಿಕೊಂಡಿದ್ದ ವೇಗವೇ ಆ ಕ್ಷಣದ ಭಾರ ಹೊರುತ್ತಿತ್ತು. ಅಷ್ಟರಲ್ಲಿ ಎಂಜಿನ್ ಇನ್ನೊಂದಿಷ್ಟು ಡೀಸೆಲ್ ಎಳೆದುಕೊಂಡು ಮತ್ತೆ ವೇಗಕ್ಕೆ ಬರುತ್ತಿತ್ತು.

ಗ್ರಿಡ್‌ನಲ್ಲೂ ನಡೆಯುವುದು ಇದೇ. ಎಲ್ಲೋ ಒಂದು ದೊಡ್ಡ ಯೂನಿಟ್ ಟ್ರಿಪ್ ಆದರೆ ಉಳಿದ ರೋಟರ್‌ಗಳೆಲ್ಲ ಒಂದು ಕೂದಲಷ್ಟು ನಿಧಾನವಾಗುತ್ತವೆ. ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಏಳುವ ಅಲೆಗಳ ಸಂಖ್ಯೆ, 50ರಿಂದ ಸ್ವಲ್ಪ ಇಳಿಯುತ್ತದೆ. ತಮ್ಮ ವೇಗದಲ್ಲಿದ್ದ ಶಕ್ತಿಯನ್ನೇ ಅವು ಲೈನಿಗೆ ಕೊಟ್ಟು ಕೊರತೆ ತುಂಬುತ್ತವೆ. ಯಾರೂ ಆಜ್ಞೆ ಕೊಡಬೇಕಿಲ್ಲ, ಕಂಪ್ಯೂಟರ್ ಬೇಕಿಲ್ಲ. ಆಮೇಲೆ ಕೆಲವು ಸೆಕೆಂಡುಗಳಲ್ಲಿ ಯಂತ್ರದ ವೇಗ ನೋಡಿಕೊಳ್ಳುವ ಗವರ್ನರ್‌ಗಳು ಹಬೆ, ನೀರಿನ ವಾಲ್ವ್ ಜಾಸ್ತಿ ತೆರೆಯುತ್ತವೆ. ನಮ್ಮ ದೇಶದಲ್ಲಿ ಫ್ರೀಕ್ವೆನ್ಸಿ 49.90ರಿಂದ 50.05ರ ನಡುವೆ ಇರಬೇಕು ಅಂತ ನಿಯಮ. ಅಷ್ಟು ಸಣ್ಣ ಗೆರೆಯೊಳಗೆ ದೇಶವನ್ನು ಹಿಡಿದಿಟ್ಟಿರುವುದರಲ್ಲಿ ಈ ತಿರುಗುವ ಕಬ್ಬಿಣದ ಪಾಲು ದೊಡ್ಡದು. ಮತ್ತೆ ಇದು ಪುಕ್ಕಟೆ ಸಿಗುತ್ತಿತ್ತು. ಜನರೇಟರ್ ಕೊಂಡರೆ ಜೊತೆಗೇ ಬರುತ್ತಿತ್ತು, ಬೇರೆ ಬಿಲ್ ಇರಲಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೇ ನೂರು ವರ್ಷ ಅದರ ಬೆಲೆ ಯಾರೂ ಕಟ್ಟಲಿಲ್ಲ.

ಈಗ ಪಾವಗಡಕ್ಕೆ ಬನ್ನಿ. ತಿರುಮಣಿ, ವಳ್ಳೂರು, ಬಳಸಮುದ್ರ ಕಡೆ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ರಾಯಚೂರು ಕೇಂದ್ರದ ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್. ಅಂದರೆ ಪಾವಗಡದ ಸಾಮರ್ಥ್ಯ ರಾಯಚೂರಿಗಿಂತ ದೊಡ್ಡದು. ಆದರೆ ಪಾವಗಡದಲ್ಲಿ ಲೈನಿಗೆ ಜೋಡಿಸಿದ ತಿರುಗುವ ರೋಟರ್ ಒಂದೂ ಇಲ್ಲ. ಅಲ್ಲಿರುವುದು ಪ್ಯಾನಲ್, ಕೇಬಲ್, ಟ್ರಾನ್ಸ್‌ಫಾರ್ಮರ್, ಮತ್ತೆ ನಡುವೆ ಇನ್ವರ್ಟರ್.

ಇನ್ವರ್ಟರ್ ಒಳಗೆ ನಡೆಯುವುದು ನೋಡಲು ಸರಳ. ಪ್ಯಾನಲ್‌ನಿಂದ ಬರುವುದು ಡಿಸಿ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಅದನ್ನು ಅರೆವಾಹಕದ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತವೆ. ಕೆಲವು ತುಂಡು ಅಗಲ, ಕೆಲವು ಕಿರಿದು. ಅಗಲ ಕಿರಿದುಗಳನ್ನು ಲೆಕ್ಕ ಹಾಕಿ ಜೋಡಿಸಿ, ಕಾಯಿಲ್ ಮತ್ತು ಕೆಪಾಸಿಟರ್ ದಾಟಿಸಿದರೆ ನುಣುಪಾದ 50 ಹರ್ಟ್ಸ್ ಅಲೆ, ಅಂದರೆ ಎಸಿ ಕರೆಂಟ್, ಹೊರಬರುತ್ತದೆ. ದೊಡ್ಡ ಇನ್ವರ್ಟರ್‌ಗಳಲ್ಲಿ ಈ ಕೆಲಸಕ್ಕೆ ಬಳಸುವ ಸ್ವಿಚ್‌ಗೆ ಐಜಿಬಿಟಿ ಅಂತ ಹೆಸರು. ಅದನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರೂಪಿಸಿದವರು ಬಿ. ಜಯಂತ್ ಬಾಳಿಗ. ಬೆಳೆದದ್ದು ನಮ್ಮ ಜಾಲಹಳ್ಳಿಯಲ್ಲಿ, ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. 2024ರಲ್ಲಿ ಫಿನ್‌ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಬಂತು. ಈ ಹೆಸರು ನಮ್ಮ ಹೈಸ್ಕೂಲ್ ಮಕ್ಕಳಿಗೆ ಗೊತ್ತಿರಬೇಕು ಅಂತ ನನಗೆ ಬಹಳ ಆಸೆ.

ಅದಕ್ಕೂ ಮುಂಚೆ ಇದ್ದ ಥೈರಿಸ್ಟರ್ ಅನ್ನುವ ಸ್ವಿಚ್‌ಗೆ ಒಂದು ಕೊರತೆ ಇತ್ತು. ಅದನ್ನು ಆನ್ ಮಾಡಬಹುದು, ನಮಗೆ ಬೇಕಾದಾಗ ಆಫ್ ಮಾಡಲು ಆಗುವುದಿಲ್ಲ. ಲೈನಿನ ಅಲೆಯೇ ಹೊರಳಿ ಅದನ್ನು ಆಫ್ ಮಾಡಬೇಕು. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ 2003ರಲ್ಲಿ ಬಂದ 500 ಕಿಲೋವೋಲ್ಟ್ ಡಿಸಿ ಲೈನಿನ ಎರಡೂ ತುದಿಯಲ್ಲಿರುವುದು ಎಸಿಯನ್ನು ಡಿಸಿಗೆ, ಡಿಸಿಯನ್ನು ಎಸಿಗೆ ಬದಲಿಸುವ ಈ ಥೈರಿಸ್ಟರ್ ಕನ್ವರ್ಟರ್‌ಗಳೇ. ಸುತ್ತ ಗಟ್ಟಿ ಗ್ರಿಡ್ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತವೆ. ತಮಿಳುನಾಡಿನ ಪುಗಲೂರಿನಿಂದ ಕೇರಳದ ತ್ರಿಶೂರಿಗೆ 2021ರಲ್ಲಿ ಶುರುವಾದ 2000 ಮೆಗಾವ್ಯಾಟ್ ಲೈನಿನಲ್ಲಿ ಬೇಕೆಂದಾಗ ಆನ್, ಬೇಕೆಂದಾಗ ಆಫ್ ಆಗುವ ಸ್ವಿಚ್ ಇದೆ. ಈ ಜಾತಿಯ ಕನ್ವರ್ಟರ್ ಬಲಹೀನ ಗ್ರಿಡ್‌ಗೂ ಆಸರೆ ಕೊಡಬಲ್ಲದು. ಹೊಸ ಸೋಲಾರ್, ಗಾಳಿ, ಬ್ಯಾಟರಿ ಎಲ್ಲದರಲ್ಲೂ ಇರುವುದು ಈ ಎರಡನೆಯ ಜಾತಿ.

ಅಂದರೆ ಸಾಮರ್ಥ್ಯ ಯಂತ್ರದೊಳಗೇ ಇದೆ. ಅದು ಏನು ಮಾಡಬೇಕು ಅನ್ನುವುದು ಅದರೊಳಗಿನ ಸಾಫ್ಟ್‌ವೇರ್ ಮೇಲೆ, ನಾವು ಬರೆಯುವ ನಿಯಮದ ಮೇಲೆ ನಿಂತಿದೆ. ಆ ನಿಯಮ ತಪ್ಪಾದರೆ ಏನಾಗುತ್ತದೆ ಅಂತ ಒಂದು ಘಟನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

2016ರ ಆಗಸ್ಟ್ 16. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಹೋನ್ ಪಾಸ್ ಅನ್ನುವ ಕಣಿವೆಗೆ ಕಾಡ್ಗಿಚ್ಚು ಹತ್ತಿತು. ಬ್ಲೂ ಕಟ್ ಅಂತ ಆ ಬೆಂಕಿಗೆ ಹೆಸರು. ಕಣಿವೆಯಲ್ಲಿ ಹಾದುಹೋಗುವ 500 ಕಿಲೋವೋಲ್ಟ್ ಲೈನುಗಳಲ್ಲಿ ಆ ದಿನ ಹೊಗೆ, ಬೆಂಕಿಗೆ ಮತ್ತೆಮತ್ತೆ ಶಾರ್ಟ್ ಆಯಿತು. ಬೆಳಗ್ಗೆ 11.45ರ ಸುಮಾರಿಗೆ ಆದದ್ದೂ ಅಂಥದ್ದೇ ಒಂದು. ತೊಂದರೆ ಕಂಡರೆ ಲೈನ್ ಬೇರೆ ಮಾಡಿಸುವ ರಿಲೇಗಳು ಸರಿಯಾಗಿ ಕೆಲಸ ಮಾಡಿದವು. ಎರಡೂವರೆ ಅಲೆಯಷ್ಟು ಹೊತ್ತಿನಲ್ಲಿ, ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ, ಶಾರ್ಟ್ ಆದ ಲೈನ್ ಬೇರೆಯಾಯಿತು. ಯಾವ ಸೋಲಾರ್ ಕೇಂದ್ರದ ಲೈನೂ ಕಡಿದುಹೋಗಿರಲಿಲ್ಲ. ಆದರೂ ಆ ಪ್ರದೇಶದ ಸೋಲಾರ್ ಉತ್ಪಾದನೆ ಸುಮಾರು 1200 ಮೆಗಾವ್ಯಾಟ್ ಒಮ್ಮೆಗೇ ಬಿದ್ದುಹೋಯಿತು.

ಯಾಕೆ? ಇನ್ವರ್ಟರ್‌ಗಳ ಒಳಗಿನ ಲೆಕ್ಕ ಬಿಡಿಸಿ ನೋಡಿದಾಗ ಗೊತ್ತಾಯಿತು. ಅಲ್ಲಿ ಫ್ರೀಕ್ವೆನ್ಸಿ 60 ಹರ್ಟ್ಸ್. ಅದು 57ಕ್ಕಿಂತ ಕೆಳಗೆ ಹೋದರೆ ತಕ್ಷಣ ನಿಲ್ಲು ಅಂತ ಇನ್ವರ್ಟರ್‌ನಲ್ಲಿ ಬರೆದಿತ್ತು. ಶಾರ್ಟ್ ಆದ ಕ್ಷಣದಲ್ಲಿ ವೋಲ್ಟೇಜ್ ಅಲೆ ವಕ್ರವಾಯಿತು, ಜಿಗಿಯಿತು. ಇನ್ವರ್ಟರ್ ಆ ಒಂದು ತುಂಡು ಅಲೆಯನ್ನೇ ಅಳೆದು "ಫ್ರೀಕ್ವೆನ್ಸಿ 57ರ ಕೆಳಗೆ ಹೋಯಿತು" ಅಂತ ತೀರ್ಮಾನಿಸಿ ನಿಂತುಬಿಟ್ಟಿತು. ನಿಜಕ್ಕೂ ಗ್ರಿಡ್ ಫ್ರೀಕ್ವೆನ್ಸಿ ಆ ದಿನ 59.86ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಅದೂ ಇಳಿದದ್ದು ಸೋಲಾರ್ ಬಿದ್ದ ಮೇಲೆ. ಹೀಗೆ ತಪ್ಪು ಅಳತೆಯಿಂದ ಹೋದದ್ದು ಸುಮಾರು 700 ಮೆಗಾವ್ಯಾಟ್. ಉಳಿದದ್ದರಲ್ಲಿ ಬಹುಪಾಲು ಇನ್ನೊಂದು ನಿಯಮದಿಂದ ಹೋಯಿತು. ವೋಲ್ಟೇಜ್ 90 ಪರ್ಸೆಂಟ್‌ಗಿಂತ ಕೆಳಗಿಳಿದರೆ ಕರೆಂಟ್ ಕೊಡುವುದನ್ನು ನಿಲ್ಲಿಸು ಅಂತ. ಗ್ರಿಡ್‌ಗೆ ಕೈ ಬೇಕಾದ ಹೊತ್ತಿಗೆ ಸರಿಯಾಗಿ ಕೈ ಎತ್ತಿಬಿಡುವ ನಿಯಮ ಅದು.

ಇಲ್ಲಿ ಒಂದು ವೈರೂ ಸುಡಲಿಲ್ಲ, ಒಂದು ಚಿಪ್ಪೂ ಕೆಡಲಿಲ್ಲ. ಎಲ್ಲ ಇನ್ವರ್ಟರ್‌ಗಳೂ ತಮಗೆ ಹೇಳಿದ್ದನ್ನೇ ಮಾಡಿದವು. ಹೇಳಿದ್ದೇ ಸರಿ ಇರಲಿಲ್ಲ. ಆಮೇಲೆ ಪರಿಹಾರವೂ ಅಷ್ಟೇ ಸರಳವಾಗಿತ್ತು. ಫ್ರೀಕ್ವೆನ್ಸಿ ಕಡಿಮೆ ಅನ್ನಿಸಿದರೆ ಕೂಡಲೇ ನಿಲ್ಲಬೇಡ, ಕೆಲವು ಸೆಕೆಂಡು ಕಾದು ನೋಡು ಅಂತ ಸೆಟ್ಟಿಂಗ್ ಬದಲಾಯಿಸಿದರು.

ಜರ್ಮನಿಯಲ್ಲಿ ಇದಕ್ಕಿಂತ ದೊಡ್ಡ ಗಂಡಾಂತರ ಯಾರಿಗೂ ಕಾಣದ ಹಾಗೆ ಬೆಳೆಯುತ್ತಿತ್ತು. ಅಲ್ಲಿನ ಹಳೇ ನಿಯಮದ ಪ್ರಕಾರ ಫ್ರೀಕ್ವೆನ್ಸಿ 50.2 ಮುಟ್ಟಿದರೆ ಚಾವಣಿ ಸೋಲಾರ್ ಪೂರ್ತಿ ಬಂದ್ ಆಗಬೇಕು. ಸಾವಿರ ಮನೆ ಇದ್ದಾಗ ಬರೆದ ನಿಯಮ. 2011ರ ಹೊತ್ತಿಗೆ ಜರ್ಮನಿಯ ಸೋಲಾರ್ ಸುಮಾರು 25 ಗಿಗಾವ್ಯಾಟ್ ಆಗಿತ್ತು. ಇಡೀ ಯುರೋಪು ಖಂಡದ ಗ್ರಿಡ್ ತಕ್ಷಣಕ್ಕೆ ತುಂಬಿಕೊಳ್ಳಲು ಇಟ್ಟುಕೊಂಡ ಮೀಸಲು 3 ಗಿಗಾವ್ಯಾಟ್. ಬಿಸಿಲಿನ ದಿನ ಯಾವುದೋ ಕಾರಣಕ್ಕೆ ಫ್ರೀಕ್ವೆನ್ಸಿ 50.2ಕ್ಕೆ ಏರಿ ಅಷ್ಟೂ ಚಾವಣಿಗಳು ಒಂದೇ ಕ್ಷಣಕ್ಕೆ ಆಫ್ ಆಗಿದ್ದರೆ? ಅದೃಷ್ಟ, ಆಗಲಿಲ್ಲ. 2012ರಲ್ಲಿ ಸರ್ಕಾರ ಹೊಸ ಆದೇಶ ತಂದು ಸುಮಾರು 3 ಲಕ್ಷ ಹಳೇ ಸೋಲಾರ್ ಘಟಕಗಳ ಸೆಟ್ಟಿಂಗ್ ಬದಲಾಯಿಸಲು ಹೊರಟಿತು. ಎಲೆಕ್ಟ್ರಿಷಿಯನ್‌ಗಳು ಮನೆಮನೆಗೆ ಹೋಗಬೇಕಾಯಿತು. ಖರ್ಚು ಕೊನೆಗೆ ಎಲ್ಲರ ಕರೆಂಟ್ ಬಿಲ್ಲಿಗೇ ಬಂತು.

ನನ್ನ ಮಾತಿನ ಸಾರ ಇಲ್ಲಿದೆ. ಇನ್ವರ್ಟರ್‌ನ ಸೆಟ್ಟಿಂಗ್ ಪುಟ ಕಂಪನಿಯ ಖಾಸಗಿ ವಿಷಯ ಅಲ್ಲ, ನಿಮ್ಮ ಮನೆಯ ಖಾಸಗಿ ವಿಷಯವೂ ಅಲ್ಲ. ಲಕ್ಷ ಮನೆಗಳಲ್ಲಿ ಒಂದೇ ಅಂಕಿ ಇದ್ದರೆ ಆ ಅಂಕಿ ಒಂದು ದೊಡ್ಡ ವಿದ್ಯುತ್ ಕೇಂದ್ರದಷ್ಟೇ ಬಲ ಉಳ್ಳದ್ದು. ಅದನ್ನು ಮೊದಲೇ ಕೂತು ಯೋಚಿಸಿ, ಎಲ್ಲರಿಗೂ ಗೊತ್ತಾಗುವ ಹಾಗೆ ಬರೆಯಬೇಕು. ಹಾಕಿಸಿದ ಮೇಲೆ ತಿದ್ದುವುದು ಬಹಳ ದುಬಾರಿ.

ದಕ್ಷಿಣ ಆಸ್ಟ್ರೇಲಿಯಾ ರಾಜ್ಯ 2016ರ ಸೆಪ್ಟೆಂಬರ್ 28ರಂದು ಪೂರ್ತಿ ಕತ್ತಲಾದಾಗಲೂ ಮೂಲದಲ್ಲಿ ಇಂಥದ್ದೇ ಒಂದು ಅಂಕಿ ಇತ್ತು. ಸುಂಟರಗಾಳಿಗೆ ದೊಡ್ಡ ಲೈನುಗಳ ಟವರ್‌ಗಳು ಉರುಳಿದವು. ಎರಡು ನಿಮಿಷದೊಳಗೆ ವೋಲ್ಟೇಜ್ ಆರು ಸಲ ಕುಸಿಯಿತು. ಒಂದಷ್ಟು ಗಾಳಿ ಯಂತ್ರಗಳಲ್ಲಿ, ಇಷ್ಟು ಸಲಕ್ಕಿಂತ ಜಾಸ್ತಿ ವೋಲ್ಟೇಜ್ ಕುಸಿದರೆ ನಿಲ್ಲು ಅಂತ ಮಿತಿ ಇತ್ತು. 456 ಮೆಗಾವ್ಯಾಟ್ ಕೆಲವೇ ಸೆಕೆಂಡಿನಲ್ಲಿ ಹೋಯಿತು. ಆ ಭಾರವೆಲ್ಲ ಪಕ್ಕದ ವಿಕ್ಟೋರಿಯಾದಿಂದ ಬರುವ ಲೈನಿನ ಮೇಲೆ ಬಿದ್ದು ಅದೂ ಟ್ರಿಪ್ ಆಯಿತು. ಅಂಥ ಮಿತಿಯೊಂದು ಇದೆ ಅನ್ನುವುದೇ ಗ್ರಿಡ್ ನಡೆಸುವವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಮ್ಮಲ್ಲೂ 2022ರಿಂದ ಈಚೆಗೆ ಪಶ್ಚಿಮ ರಾಜಸ್ಥಾನದ ಸೋಲಾರ್ ಪಾರ್ಕುಗಳಿಂದ 1000 ಮೆಗಾವ್ಯಾಟ್‌ಗೂ ಜಾಸ್ತಿ ಉತ್ಪಾದನೆ ಒಂದೇ ಏಟಿಗೆ ಬಿದ್ದುಹೋದ ಪ್ರಸಂಗಗಳು ಹಲವು ಆಗಿವೆ. ನಿಯಮ ಇಲ್ಲ ಅಂತಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಪ್ರಕಾರ ದೊಡ್ಡ ಸೋಲಾರ್ ಕೇಂದ್ರ, ವೋಲ್ಟೇಜ್ 15 ಪರ್ಸೆಂಟ್‌ಗೆ ಕುಸಿದರೂ 300 ಮಿಲಿಸೆಕೆಂಡು ಕಚ್ಚಿಕೊಂಡು ನಿಲ್ಲಬೇಕು. ಫ್ರೀಕ್ವೆನ್ಸಿ ಏರಿದರೆ ಒಮ್ಮೆಗೇ ಬಂದ್ ಆಗದೆ, ಏರಿದಷ್ಟಕ್ಕೆ ತಕ್ಕ ಹಾಗೆ ಉತ್ಪಾದನೆ ಇಳಿಸಬೇಕು. ಕಾಗದದ ಮೇಲಿನ ನಿಯಮ ಪ್ರತಿ ಇನ್ವರ್ಟರ್‌ನ ಒಳಗೆ ಹಾಗೇ ಇದೆಯಾ ಅಂತ ಪರೀಕ್ಷೆ ಮಾಡುವುದೇ ಕಷ್ಟದ ಕೆಲಸ. ಅದಕ್ಕೆ ಜನ ಬೇಕು, ಪ್ರಯೋಗಾಲಯ ಬೇಕು, ಹಣ ಬೇಕು. ಪ್ಯಾನಲ್‌ಗೆ ಕೊಡುವಷ್ಟು ಗಮನವನ್ನು ನಾವು ಇದಕ್ಕೆ ಕೊಡುತ್ತಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇಷ್ಟು ಹೊತ್ತು ಫ್ರೀಕ್ವೆನ್ಸಿ ಮಾತಾಯಿತು. ವೋಲ್ಟೇಜ್ ಕತೆ ಬೇರೆ. ಫ್ರೀಕ್ವೆನ್ಸಿ ಇಡೀ ದೇಶಕ್ಕೆ ಒಂದೇ, ವೋಲ್ಟೇಜ್ ಬೀದಿಬೀದಿಗೂ ಬೇರೆ.

ಮೇ ತಿಂಗಳ ಮಧ್ಯಾಹ್ನ ಹನ್ನೆರಡಕ್ಕೆ ಬಡಾವಣೆಯ ಕೊನೆಯ ಮನೆಗೆ ಹೋಗಿ, ಟಿಸಿಯಿಂದ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ, ತೀರಾ ದೂರದ ಮನೆಗೆ. ಅಲ್ಲಿನ ಇನ್ವರ್ಟರ್ ಪರದೆ ನೋಡುತ್ತಾ ನಿಲ್ಲಿ. ಬೆಳಗ್ಗೆ 232 ಇದ್ದ ವೋಲ್ಟೇಜ್ ಈಗ 246 ಇರುತ್ತದೆ. ಬೀದಿಯಲ್ಲಿ ಐದಾರು ಮನೆಗೆ ಸೋಲಾರ್ ಇದೆ, ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ, ಬಳಸುವವರಿಲ್ಲ. ಕರೆಂಟ್ ಮನೆಯಿಂದ ಟಿಸಿ ಕಡೆಗೆ ಹಿಂದಕ್ಕೆ ಹರಿಯುತ್ತಿದೆ. ತಂತಿಯ ತಡೆಯನ್ನು ದಾಟಿ ಹೋಗಬೇಕಾದರೆ ಹೊರಡುವ ಕಡೆ ವೋಲ್ಟೇಜ್ ಜಾಸ್ತಿ ಇರಲೇಬೇಕು. 249. 251. 252. ನಮ್ಮ ನಿಯಮದಲ್ಲಿ ಮಿತಿ 110 ಪರ್ಸೆಂಟ್, ಅಂದರೆ 253. ಅದನ್ನು ದಾಟಿದ ಕೂಡಲೇ ಒಳಗೆ ರಿಲೇ ಟಕ್ ಅನ್ನುತ್ತದೆ, ಕೆಂಪು ದೀಪ ಹತ್ತುತ್ತದೆ, ಉತ್ಪಾದನೆ ಸೊನ್ನೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಗುತ್ತದೆ, ಮತ್ತೆ ಏರುತ್ತದೆ, ಮತ್ತೆ ಟಕ್. ಟಿಸಿ ಪಕ್ಕದ ಮನೆಯವರಿಗೆ ಈ ಕಾಟ ಇಲ್ಲ. ಒಂದೇ ದುಡ್ಡು ಕೊಟ್ಟವರಲ್ಲಿ ಕೊನೆಯ ಮನೆಯವರಿಗೆ ಮಾತ್ರ ನಷ್ಟ.

ಜಾಣ ಇನ್ವರ್ಟರ್ ಇಲ್ಲಿ ಬೇರೆ ಥರ ನಡೆದುಕೊಳ್ಳುತ್ತದೆ. ವೋಲ್ಟೇಜ್ ಏರುತ್ತಿರುವುದು ಕಂಡ ಕೂಡಲೇ ತಾನು ಬಿಡುವ ಕರೆಂಟ್ ಅಲೆಯನ್ನು ವೋಲ್ಟೇಜ್ ಅಲೆಗಿಂತ ಸ್ವಲ್ಪ ಹಿಂದೆಮುಂದೆ ಸರಿಸಿ ರಿಯಾಕ್ಟಿವ್ ಪವರ್, ಅಂದರೆ ಕೆಲಸ ಮಾಡದೆ ಲೈನಿನಲ್ಲಿ ಹೋಗಿಬಂದು ವೋಲ್ಟೇಜನ್ನು ಏರಿಳಿಸುವ ಶಕ್ತಿ, ಹೀರಿಕೊಳ್ಳುತ್ತದೆ. ಪಂಪ್‌ಸೆಟ್‌ಗೆ ಕೆಪಾಸಿಟರ್ ಹಾಕಿಸಿ ಅಂತ ಹೇಳುತ್ತಾರಲ್ಲ, ಆ ಕೆಪಾಸಿಟರ್ ಕೊಡುವುದೂ ಇದೇ ರಿಯಾಕ್ಟಿವ್ ಪವರ್. ಕೊಟ್ಟರೆ ವೋಲ್ಟೇಜ್ ಏರುತ್ತದೆ, ಹೀರಿದರೆ ಇಳಿಯುತ್ತದೆ. ಇನ್ವರ್ಟರ್ ಎರಡನ್ನೂ ಮಾಡಬಲ್ಲದು, ಅದೂ ಕ್ಷಣಕ್ಷಣಕ್ಕೆ ಅಳೆದು. ದೊಡ್ಡ ಕೇಂದ್ರಗಳ ಇನ್ವರ್ಟರ್‌ಗಳಿಗೆ ಈ ಸೌಲಭ್ಯ ಇದ್ದರೆ ರಾತ್ರಿ ಬಿಸಿಲಿಲ್ಲದ ಹೊತ್ತಿನಲ್ಲೂ ಈ ಕೆಲಸ ಕೊಡಬಹುದು.

ಬೀದಿಯ ಸಣ್ಣ ಲೈನಿನಲ್ಲಿ ಇದೊಂದೇ ಸಾಲದು, ಅದನ್ನೂ ಹೇಳಬೇಕು. ಅಲ್ಲಿ ತಂತಿಯ ರೆಸಿಸ್ಟೆನ್ಸ್ ಜಾಸ್ತಿ, ರಿಯಾಕ್ಟಿವ್ ಪವರ್‌ನ ಪರಿಣಾಮ ಕಡಿಮೆ. ಆಗ ಎರಡನೆಯ ಉಪಾಯ ಬೇಕು. 250 ದಾಟಿದರೆ ಉತ್ಪಾದನೆಯನ್ನು ನಿಧಾನಕ್ಕೆ ಇಳಿಸುತ್ತಾ ಬರುವುದು. ಸೊನ್ನೆಗೆ ಬೀಳುವುದಕ್ಕಿಂತ ಮುಕ್ಕಾಲು ಪಾಲು ಸಿಗುವುದು ಮೇಲು ಅಲ್ವಾ? ಆದರೆ ಇಲ್ಲೂ ಕೊನೆಯ ಮನೆಯವರೇ ಜಾಸ್ತಿ ಇಳಿಸಬೇಕಾಗುತ್ತದೆ. ಇಡೀ ಬೀದಿಯ ವೋಲ್ಟೇಜ್ ಕಾಪಾಡಲು ಅವರು ಬಿಟ್ಟುಕೊಟ್ಟ ಯೂನಿಟ್‌ಗೆ ಏನಾದರೂ ಪರಿಹಾರ ಇರಬೇಕು. ಇದು ಎಂಜಿನಿಯರಿಂಗ್ ಪ್ರಶ್ನೆ ಅಷ್ಟೇ ಅಲ್ಲ, ನ್ಯಾಯದ ಪ್ರಶ್ನೆ.

ವೋಲ್ಟೇಜ್ ವಿಷಯವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಅಂತ ಸ್ಪೇನ್ ತೋರಿಸಿತು. 2025ರ ಏಪ್ರಿಲ್ 28, ಮಧ್ಯಾಹ್ನ 12.33. ಸ್ಪೇನ್ ಮತ್ತು ಪೋರ್ಚುಗಲ್‌ನ ನೆಲಭಾಗ ಪೂರ್ತಿ ಕತ್ತಲಾಯಿತು. ವೋಲ್ಟೇಜ್ ಏರಿತು, ಏರಿದ್ದಕ್ಕೆ ಕೇಂದ್ರಗಳು ಒಂದೊಂದಾಗಿ ಟ್ರಿಪ್ ಆದವು, ಅವು ಹೋದದ್ದಕ್ಕೆ ವೋಲ್ಟೇಜ್ ಇನ್ನಷ್ಟು ಏರಿತು. "ಸೋಲಾರ್‌ನಿಂದಲೇ ಆಯಿತು" ಅಂತ ಮರುದಿನವೇ ಹಲವರು ತೀರ್ಪು ಕೊಟ್ಟರು. ವಿಷಯ ಅಷ್ಟು ಸುಲಭ ಅಲ್ಲ. ಅಲ್ಲಿನ ನಿಯಮದ ಪ್ರಕಾರ ಸೋಲಾರ್, ಗಾಳಿ ಕೇಂದ್ರಗಳು ರಿಯಾಕ್ಟಿವ್ ಪವರ್‌ನ ಪಾಲನ್ನು ಒಂದೇ ಅಂಕಿಗೆ ಕಟ್ಟಿಟ್ಟು ನಡೆಸುತ್ತಿದ್ದವು. ವೋಲ್ಟೇಜ್ ಏರಿದರೆ ಹೀರಿಕೊಳ್ಳುವ ಶಕ್ತಿ ಯಂತ್ರಕ್ಕಿತ್ತು, ನಿಯಮ ಅದನ್ನು ಕೇಳಿರಲಿಲ್ಲ. ಹೀರಿಕೊಳ್ಳಬೇಕಿದ್ದ ಕೆಲವು ಹಳೇ ಕೇಂದ್ರಗಳೂ ಬೇಕಾದಷ್ಟು ಹೀರಲಿಲ್ಲ ಅಂತ ಸರ್ಕಾರದ ವರದಿ ಹೇಳಿತು. ಘಟನೆಯಾದ ಮೇಲೆ ನಿಯಮ ಬದಲಾಯಿತು.

ಇನ್ನು ಆ ಮೊದಲ ಪ್ರಶ್ನೆ. ಅಲೆಯನ್ನು ತಾನೇ ಎಬ್ಬಿಸುವ ಇನ್ವರ್ಟರ್ ಸಾಧ್ಯವಾ? ಸಾಧ್ಯ. ಇದನ್ನು ಗ್ರಿಡ್ ಫಾರ್ಮಿಂಗ್ ಅನ್ನುತ್ತಾರೆ. ಸಾಮಾನ್ಯ ಇನ್ವರ್ಟರ್ ಗ್ರಿಡ್ ಅಲೆ ಹುಡುಕಿ ಅದಕ್ಕೆ ಕರೆಂಟ್ ಜೋಡಿಸಿದರೆ, ಇದು ತನ್ನದೇ ವೋಲ್ಟೇಜ್ ಅಲೆಯನ್ನು ಹಿಡಿದು ನಿಲ್ಲುತ್ತದೆ. ತನ್ನೊಳಗೆ ಒಂದು ರೋಟರ್ ಇದ್ದಿದ್ದರೆ ಈಗ ಅದು ಎಷ್ಟು ನಿಧಾನವಾಗುತ್ತಿತ್ತು ಅಂತ ಲೆಕ್ಕ ಹಾಕಿ ಅದೇ ರೀತಿ ನಡೆದುಕೊಳ್ಳುತ್ತದೆ. ಗ್ರಿಡ್‌ನ ತಾಳ ಜಾರಿದರೆ ಕೂಡಲೇ ಹೆಚ್ಚುವರಿ ಶಕ್ತಿ ಹರಿಸುತ್ತದೆ. ಆ ಶಕ್ತಿ ಎಲ್ಲಿಂದಲಾದರೂ ಬರಬೇಕಲ್ಲ, ಅದಕ್ಕೆ ಜೊತೆಗೆ ಬ್ಯಾಟರಿ ಬೇಕು.

ಕತ್ತಲಾದ ದಕ್ಷಿಣ ಆಸ್ಟ್ರೇಲಿಯಾದಲ್ಲೇ ಇದರ ದೊಡ್ಡ ಪ್ರಯೋಗವೂ ನಡೆಯಿತು. 2017ರ ಡಿಸೆಂಬರ್‌ನಲ್ಲಿ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್ ಬ್ಯಾಟರಿ ಶುರುವಾಯಿತು. ಎರಡೇ ವಾರದಲ್ಲಿ ವಿಕ್ಟೋರಿಯಾದ ಲಾಯ್ ಯಾಂಗ್ ಕಲ್ಲಿದ್ದಲು ಕೇಂದ್ರದ ದೊಡ್ಡ ಯೂನಿಟ್ ಟ್ರಿಪ್ ಆದಾಗ ಅದು ಕ್ಷಣಾರ್ಧದಲ್ಲಿ ಕರೆಂಟ್ ಕೊಟ್ಟಿತು. 2020ರಲ್ಲಿ 150 ಮೆಗಾವ್ಯಾಟ್‌ಗೆ ಬೆಳೆಯಿತು. 2022ರಲ್ಲಿ, ತಿರುಗುವ ಯಂತ್ರದ ಹಾಗೆ ನಡೆದುಕೊಳ್ಳುವ ಸಾಫ್ಟ್‌ವೇರ್ ಹಾಕಿ ಗ್ರಿಡ್‌ಗೆ ಜಡತ್ವವನ್ನೇ, ಅಂದರೆ ಗಿರಣಿಯ ಚಕ್ರ ಕೊಡುತ್ತಿದ್ದಂಥ ಆಸರೆಯನ್ನೇ, ಸೇವೆಯಾಗಿ ಕೊಡಲು ಒಪ್ಪಿಗೆ ಸಿಕ್ಕಿತು. ಅದರ ಜೊತೆಗೇ ಆ ರಾಜ್ಯ, ಕರೆಂಟ್ ಉತ್ಪಾದಿಸದೆ ಸುಮ್ನೆ ತಿರುಗುವ ನಾಲ್ಕು ದೊಡ್ಡ ಸಿಂಕ್ರೊನಸ್ ಕಂಡೆನ್ಸರ್‌ಗಳನ್ನೂ ಹಾಕಿಕೊಂಡಿತು. ಸಾಫ್ಟ್‌ವೇರ್ ಒಂದನ್ನೇ ನಂಬದೆ ಕಬ್ಬಿಣವನ್ನೂ ಇಟ್ಟುಕೊಂಡದ್ದು ಜಾಣತನ ಅಂತಲೇ ನನ್ನ ಲೆಕ್ಕ.

ಯಾಕೆಂದರೆ ಇನ್ವರ್ಟರ್‌ಗೆ ಒಂದು ಮಿತಿ ಇದೆ. ಶಾರ್ಟ್ ಆದಾಗ ಜನರೇಟರ್ ತನ್ನ ಸಾಮರ್ಥ್ಯದ ಐದಾರು ಪಟ್ಟು ಕರೆಂಟ್ ಸುರಿಯಬಲ್ಲದು. ತಾಮ್ರ, ಕಬ್ಬಿಣ ಅಷ್ಟು ಬಿಸಿಯನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತವೆ. ಉಗುರಿನಷ್ಟು ತೆಳುವಾದ ಸಿಲಿಕಾನ್ ಚಿಪ್ ತಡೆಯುವುದಿಲ್ಲ. ಹಾಗಾಗಿ ಇನ್ವರ್ಟರ್ ಒಂದೂಕಾಲು, ಒಂದೂವರೆ ಪಟ್ಟಿಗೇ ತನ್ನನ್ನು ತಾನು ತಡೆದುಕೊಳ್ಳುತ್ತದೆ. ನಮ್ಮ ಸಬ್‌ಸ್ಟೇಷನ್‌ಗಳ ರಿಲೇ, ಕಂಬದ ಫ್ಯೂಸ್ ಎಲ್ಲ ದೊಡ್ಡ ಕರೆಂಟ್ ನುಗ್ಗುತ್ತದೆ ಅನ್ನುವ ನಂಬಿಕೆ ಮೇಲೆ ಹಾಕಿದಂಥವು. ಇನ್ವರ್ಟರ್‌ಗಳೇ ತುಂಬಿದ ಕಡೆ ತಂತಿ ಕಡಿದು ನೆಲಕ್ಕೆ ಬಿದ್ದರೂ ರಿಲೇಗೆ ಅದು ಗೊತ್ತಾಗದೆ ಹೋಗಬಹುದು. ತಂತಿ ಕೆಳಗೆ ದನ ಮೇಯಿಸುವವರಿಗೆ ಇದು ಜೀವದ ಪ್ರಶ್ನೆ. ಹೊಸ ಇನ್ವರ್ಟರ್ ಜೊತೆಗೆ ಹೊಸ ರಕ್ಷಣಾ ವ್ಯವಸ್ಥೆಯೂ ಬರಲೇಬೇಕು.

ಕನ್ವರ್ಟರ್ ನಮ್ಮನ್ನು ಕಾಪಾಡಿದ ಒಂದು ಸಂದರ್ಭ ಹೇಳಿ ಮುಂದೆ ಹೋಗುತ್ತೇನೆ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ಗ್ರಿಡ್ ಕುಸಿಯಿತು. ಎರಡನೇ ದಿನ 60 ಕೋಟಿಗೂ ಹೆಚ್ಚು ಜನ ಇರುವ ಪ್ರದೇಶ ಕತ್ತಲಲ್ಲಿತ್ತು. ದಕ್ಷಿಣದ ಗ್ರಿಡ್ ಬೀಳಲಿಲ್ಲ. ಆಗ ನಮಗೂ ಉತ್ತರಕ್ಕೂ ಇದ್ದದ್ದು ತಾಲ್ಚೇರ್–ಕೋಲಾರದಂಥ ಡಿಸಿ ಸಂಪರ್ಕ ಮಾತ್ರ. ಡಿಸಿ ಲೈನ್ ಕರೆಂಟ್ ದಾಟಿಸುತ್ತದೆ, ತಾಳ ತಪ್ಪಿದ್ದನ್ನು ದಾಟಿಸುವುದಿಲ್ಲ. ಅದಾಗಿ ಒಂದೂವರೆ ವರ್ಷಕ್ಕೆ ನಾವು ಎಸಿ ಲೈನಿನಿಂದ ಜೋಡಿಕೊಂಡೆವು. ಅದರಿಂದ ಲಾಭವೂ ಇದೆ, ಹೊಣೆಯೂ ಇದೆ. ಈಗ ರಾಜಸ್ಥಾನದಲ್ಲಿ ಸೋಲಾರ್ ಬಿದ್ದರೆ ಶರಾವತಿಯ ಯಂತ್ರಕ್ಕೂ ಅದು ತಟ್ಟುತ್ತದೆ.

ಇಷ್ಟು ಹೇಳಿ ನಿಲ್ಲಿಸಿದೆ. ಮುಂದೆ ಪ್ರಶ್ನೆಗಳು.

"ಸಾರ್, ಇನ್ವರ್ಟರ್‌ಗಳೆಲ್ಲ ಇಂಟರ್ನೆಟ್ಟಿಗೆ ಸೇರಿದರೆ ಹೊರಗಿನವರು ಆಫ್ ಮಾಡಲ್ವಾ?" ಅಂತ ಡಿಪ್ಲೊಮಾ ಓದುವ ಹುಡುಗಿ ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಜರ್ಮನಿಯಲ್ಲಿ ಮನೆಮನೆ ಸುತ್ತಿದ ಕೆಲಸವನ್ನು ಹವಾಯಿಯಲ್ಲಿ 2015ರಲ್ಲಿ ದೂರದಿಂದಲೇ ಮಾಡಿದರು. ಪ್ಯಾನಲ್‌ಗೊಂದರಂತೆ ಇರುವ ಸುಮಾರು 8 ಲಕ್ಷ ಪುಟ್ಟ ಮೈಕ್ರೋ ಇನ್ವರ್ಟರ್‌ಗಳ ಸೆಟ್ಟಿಂಗ್ ಒಂದು ದಿನದಲ್ಲಿ ಬದಲಾಯಿತು. ಒಳ್ಳೆಯವರು ಮಾಡಬಲ್ಲದ್ದನ್ನು ಕೆಟ್ಟವರೂ ಮಾಡಬಲ್ಲರು. ಲಿಥುವೇನಿಯಾ ದೇಶ 2024ರಲ್ಲಿ, 100 ಕಿಲೋವ್ಯಾಟ್‌ಗಿಂತ ದೊಡ್ಡ ಕೇಂದ್ರಗಳನ್ನು ಚೀನಾದ ಕಂಪನಿಗಳು ದೂರದಿಂದ ನಿಯಂತ್ರಿಸುವುದನ್ನು ತಡೆಯಲು ಕಾನೂನು ತಂದಿತು. ನಮ್ಮಲ್ಲೂ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ಖರೀದಿಯ ದಿನವೇ ಇತ್ಯರ್ಥ ಆಗಬೇಕು.

ಹಿರಿಯ ರೈತರೊಬ್ಬರು ಕೇಳಿದರು: "ಸೋಲಾರ್ ಪಂಪಿನ ಪೆಟ್ಟಿಗೆಯೂ ಇದೇನಾ?" ಹೌದು ಯಜಮಾನ್ರೇ, ಅದೂ ಇದೇ ವಂಶ. ಬೆಳಗ್ಗೆ ಮಂದ ಬಿಸಿಲಲ್ಲಿ ಮೋಟಾರನ್ನು ನಿಧಾನಕ್ಕೆ ತಿರುಗಿಸುತ್ತದೆ, ಬಿಸಿಲೇರಿದಂತೆ ಫ್ರೀಕ್ವೆನ್ಸಿ ಏರಿಸಿ ವೇಗ ಹೆಚ್ಚಿಸುತ್ತದೆ. ನೀರು ಬೇಡದ ದಿನ ಅದು ಸುಮ್ನೆ ಕೂತಿರುತ್ತದೆ. ಅದಕ್ಕೇ ಮೇವು ಕತ್ತರಿಸುವ ಯಂತ್ರದಂಥದ್ದನ್ನೂ ನಡೆಸುವ ಕಂಟ್ರೋಲರ್‌ಗಳು ಬಂದಿವೆ. ಕೊಳ್ಳುವಾಗ ಅಂಥದ್ದು ಕೇಳಿ.

ಕೊನೆಗೆ ಒಬ್ಬರು ಅಮ್ಮ: "ಮುಂದಿನ ತಿಂಗಳು ನಮ್ಮನೆಗೆ ಸೋಲಾರ್ ಹಾಕಿಸ್ತಿದೀವಿ. ಏನು ಕೇಳ್ಬೇಕು ಹೇಳಿ."

ಅಮ್ಮ, ಕರೆಂಟ್ ಹೋದಾಗಲೂ ನಾಲ್ಕು ಲೈಟು, ಫ್ರಿಜ್ ನಡೆಯಬೇಕು ಅಂದರೆ ಬ್ಯಾಟರಿ ಜೊತೆ ಹೈಬ್ರಿಡ್ ಇನ್ವರ್ಟರ್ ಕೇಳಿ. ಅದು ಮೊದಲು ನಿಮ್ಮ ಮನೆಯನ್ನು ಬೀದಿ ಲೈನಿನಿಂದ ಬೇರೆ ಮಾಡಿ, ಆಮೇಲೆ ತಾನೇ ಅಲೆ ಎಬ್ಬಿಸುತ್ತದೆ, ಲೈನ್‌ಮನ್‌ಗೂ ಅಪಾಯ ಇಲ್ಲ. ಬ್ಯಾಟರಿ ಬೇಡ ಅಂದರೆ ಸಾದಾದೇ ಸಾಕು. 5 ಕಿಲೋವ್ಯಾಟ್ ಪ್ಯಾನಲ್‌ಗೆ ಇನ್ವರ್ಟರ್ ಐದೂವರೆ ಕೆವಿಎ ಇದ್ದರೆ ವೋಲ್ಟೇಜ್ ಸರಿಮಾಡುವ ಕೆಲಸಕ್ಕೂ ಸ್ವಲ್ಪ ಜಾಗ ಉಳಿಯುತ್ತದೆ. ಹಾಕುವವರು ಮೆನುವಿನಲ್ಲಿ ದೇಶದ ಗ್ರಿಡ್ ನಿಯಮ ಆರಿಸಬೇಕು, ಅದು ಭಾರತ ಅಂತಲೇ ಇದೆಯಾ ನೀವೇ ಕಣ್ಣಾರೆ ನೋಡಿ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಸೆಟ್ಟಿಂಗ್ ಪುಟಗಳ ಫೋಟೊ ತೆಗೆದು ನೆಟ್ ಮೀಟರ್ ಕಾಗದದ ಜೊತೆ ಫೈಲಿಗೆ ಹಾಕಿ. ಮಧ್ಯಾಹ್ನ ಪದೇಪದೇ ಕೆಂಪು ದೀಪ ಹತ್ತಿದರೆ, ಆ ಹೊತ್ತಿನ ವೋಲ್ಟೇಜ್ ಅಂಕಿ ಬರೆದುಕೊಂಡು ಎಸ್ಕಾಂ ಕಚೇರಿಗೆ ಅರ್ಜಿ ಕೊಡಿ. ಅಂಕಿ ಇದ್ದ ಅರ್ಜಿ ಬಂದರೆ ಅವರೂ ಟಿಸಿಯ ಟ್ಯಾಪ್ ಬದಲಿಸಿ ವೋಲ್ಟೇಜ್ ಇಳಿಸಬೇಕಾ, ದಪ್ಪ ತಂತಿ ಎಳೆಯಬೇಕಾ ಅಂತ ನೋಡಲು ದಾರಿಯಾಗುತ್ತದೆ.